ಕೂಸು ಜರ್ಮನ್ ಕಲ್ತ ಪುಸ್ತಕಂಗೊ

ಜರ್ಮನ್ ಕಲಿವಲೆ ಯೇವ ಪುಸ್ತಕ ಒಳ್ಳೆದು ಹೇಳಿ ಎನ್ನ ಹತ್ತರೆ ಕೇಳುವವು ಈಗ ಹೆಚ್ಚಾಯಿದವು. ಕನ್ನಡ ಮಾಧ್ಯಮಲ್ಲಿ ಪಿಯುಸಿ ಓದಿ, ಮತ್ತೆ ಮೂವತ್ತು ವರ್ಷ ಒಲೆಬುಡಲ್ಲಿ ಕಳುದ ಎನ್ನ ಹತ್ತರೆ! ನಮ್ಮೋರ ಮಕ್ಕೊ ಜರ್ಮನಿಗೆ ಹೋಪದು ಹೆಚ್ಚಾದ ಹಾಂಗೆ ಈ ಪ್ರಶ್ನೆ ಮದುವೆಮನೆಲಿಯೂ ಬತ್ತು, ಪೂಜೆಮನೆಲಿಯೂ ಬತ್ತು. ಹಂತಿಲಿ ಕೂದು ಹೋಳಿಗೆ ತಿಂಬಗ ಹೇಳಿ ಮುಗಿವ ಶುದ್ದಿ ಅಲ್ಲ ಇದು. ಹಾಂಗಾಗಿ ಬರದು ಮಡುಗುತ್ತೆ.

2019ರಲ್ಲಿ ಎನ್ನ ಅಕ್ಕನ ಮಗಳ ಮದುವೆ ಆತು. ಅಳಿಯ° ಸ್ಟುಟ್‌ಗಾರ್ಟಿಲಿ ಕೆಲಸಲ್ಲಿಪ್ಪದು. ಮದುವೆ ಆಗಿ ಹದಿನೆಂಟು ದಿನಕ್ಕೆ ಅವ° ವಿಮಾನ ಹತ್ತಿದ°, ಕೂಸು ಇಲ್ಲೇ ಒಳುದತ್ತು. ಹೆಂಡತ್ತಿಗೆ ವೀಸಾ ಸಿಕ್ಕೆಕ್ಕಾರೆ ಎ1 ಹೇಳ್ತ ಸುರುವಾಣ ಹಂತದ ಜರ್ಮನ್ ಪರೀಕ್ಷೆ ಪಾಸಾಯೆಕ್ಕು. (ಗೆಂಡಂಗೆ ಬ್ಲೂ ಕಾರ್ಡ್ ಇದ್ದರೆ ಹೆಂಡತ್ತಿಗೆ ಈ ಪರೀಕ್ಷೆ ಬೇಡ. ಇವಂಗೆ ಅದು ಇದ್ದತ್ತಿಲ್ಲೆ. ನಿಂಗಳ ಮನೆಯ ಲೆಕ್ಕ ಬೇರೆ ಇಕ್ಕು, ಪುಸ್ತಕಕ್ಕೆ ಪೈಸೆ ಹಾಕುವ ಮದಲು ಈಗಾಣ ನಿಯಮ ಎಂತರ ಹೇಳಿ ನೋಡಿಗೊಳ್ಳಿ.) ಅಕ್ಕನ ಮನೆ ಗುಡ್ಡೆಯ ಅಡಿಲಿ. ಫೋನಿಂಗೆ ರೇಂಜು ಸಿಕ್ಕೆಕ್ಕಾರೆ ತೋಟದ ಆಚ ಕರೆಂಗೆ ಹೋಯೆಕ್ಕು. ಹಾಂಗಾಗಿ ಕೂಸು ಎಂಗಳ ಮನೆಗೆ ಬಂತು. ಎರಡು ತಿಂಗಳಿಲಿ ಮುಗಿಗು ಹೇಳಿ ಎಲ್ಲೋರೂ ಗ್ರೇಶಿದ್ದು, ಆದ್ದು ಐದು ತಿಂಗಳು.

ಮದುವೆ ಆದ ಕೂಸು ಊರಿಲ್ಲೇ ಒಳುದರೆ ಎಂತ ಆವ್ತು ಹೇಳಿ ನಿಂಗೊಗೆ ಹೇಳೆಕ್ಕೋ? ಆರ ಮನೆಗೆ ಹೋದರೂ "ಯೇವಗ ಹೋಪದು?" ಹೇಳುವ ಒಂದೇ ಮಾತು. ಕೇಳುವವಕ್ಕೆ ಅದು ಕುಶಾಲು. ಎರಡ್ನೇ ತಿಂಗಳಿಂಗಪ್ಪಗ ಕೂಸು ಜೆಂಬ್ರಂಗೊಕ್ಕೆ ಬಪ್ಪದೇ ನಿಲ್ಸಿತ್ತು. ತಲೆಬೇನೆ ಹೇಳಿ ಮನೆಲೇ ಕೂರುಗು.

ಬಪ್ಪಗ ಅದು ಒಂದು ಚೀಲ ಪುಸ್ತಕ ತಂದಿತ್ತು. ಮಂಗಳೂರಿನ ಒಂದು ಕ್ಲಾಸಿಲಿ ಕೊಟ್ಟ ಜೆರಾಕ್ಸಿನ ಕಟ್ಟ ಒಂದು. ಅಕ್ಷರ ಮಸಿ ಮಸಿ, ಕೇಳುಲೆ ಆಡಿಯೋ ಇಲ್ಲೆ. ಮತ್ತೊಂದು ಆರೋ ಕೊಟ್ಟ ಹ್ಯಾಮರ್ಸ್ ಜರ್ಮನ್ ಗ್ರಾಮರ್, ಇಂಗ್ಲಿಷಿಲಿ ಬರದ ದಪ್ಪದ ಪುಸ್ತಕ. ಅದರ ತಪ್ಪಲ್ಲ, ರಜ್ಜ ಕಲ್ತವು ಸಂಶಯ ಬಪ್ಪಗ ತೆಗದು ನೋಡ್ಲೆ ಇಪ್ಪ ಪುಸ್ತಕ ಅದು. ಸುರುವಾಣವು ಅದರ ಒಂದನೇ ಪುಟಂದ ಓದಲೆ ಹೆರಟರೆ, ಅನ್ನ ಬೇಶಲೆ ಕಲಿವ ಮದಲು ಆಯುರ್ವೇದ ಓದಿದ ಹಾಂಗಕ್ಕು. ಕೂಸು ಹಾಂಗೇ ಓದಿಗೊಂಡಿತ್ತು. ಅಕ್ಯುಸೇಟಿವ್, ಡೇಟಿವ್ ಹೇಳಿ ಇಂಗ್ಲಿಷಿಲಿ ಬಾಯಿಪಾಠ ಮಾಡಿ ಮಾಡಿ ಒಂದು ದಿನ ಹೊತ್ತೋಪಗ ಕೂಗಿಯೇ ಬಿಟ್ಟತ್ತು. "ಚಿಕ್ಕಮ್ಮಾ, ಎನಗೆ ಇಂಗ್ಲಿಷೇ ಸಮ ಬತ್ತಿಲ್ಲೆ. ಇನ್ನು ಜರ್ಮನ್ ಹೇಂಗೆ ಬಕ್ಕು?"

ಅಲ್ಲಿಯೇ ಎನಗೆ ಕಂಡದು. ಕೂಸು ಸೋಲುದು ಜರ್ಮನಿಲಿ ಅಲ್ಲ, ಇಂಗ್ಲಿಷಿಲಿ. ಪುತ್ತೂರಿಂದ ಮಂಗಳೂರಿಂಗೆ ಹೋಯೆಕ್ಕಾರೆ ಮಡಿಕೇರಿಗೆ ಸುತ್ತಿದ ಹಾಂಗೆ ಆಯಿದು ಇದು. ಅಕ್ಯುಸೇಟಿವ್ ಹೇಳಿರೆ ನಮ್ಮ ದ್ವಿತೀಯಾ ವಿಭಕ್ತಿ, ಡೇಟಿವ್ ಹೇಳಿರೆ ಚತುರ್ಥಿ. "ಪುಸ್ತಕವ ಕೂಸಿಂಗೆ ಕೊಡು" ಹೇಳುವಗ ಎರಡೂ ಬಂತು. ನಾವು ದಿನಾಗ್ಲೂ ಹೇಳುದೇ. ಆ ಮೇಲೆ ಎಂಗೊ ಇಬ್ರೂ ಒಟ್ಟಿಂಗೆ ಕೂದು, ಇಂಗ್ಲಿಷಿನ ಕರೆಂಗೆ ಮಡುಗಿ, ನಮ್ಮ ಮಾತಿಂದಲೇ ನೋಡ್ಲೆ ಸುರು ಮಾಡಿದೆಯೊ.

ನೋಡಿರೆ ಎಷ್ಟೋ ಸಂಗತಿ ನಮಗೆ ಗೊಂತಿಪ್ಪದೇ! ಜರ್ಮನಿಲಿ ಇಪ್ಪತ್ತೊಂದರ "ಒಂದು ಮತ್ತೆ ಇಪ್ಪತ್ತು" ಹೇಳುದು, ಐನ್-ಉಂಟ್-ತ್ಸ್ವಾನ್‌ತ್ಸಿಶ್. ಕೂಸಿಂಗೆ ಅದು ತಲಗೆ ಹೋಗದ್ದೆ ಇಪ್ಪಗ, ಜೆಪ ಮುಗಿಶಿ ಎದ್ದ ಎಂಗಳ ಮನೆಯವು "ಏಕವಿಂಶತಿ ಹೇಳ್ತಿಲ್ಲೆಯೋ ನಾವು? ಅದೇ ಅಲ್ಲದೋ?" ಹೇಳಿ ಹೋದವು. ಅಷ್ಟೇ. ಡೂ, ಜೀ ಹೇಳಿ ಎರಡು ಇದ್ದು, ನೀನು ಮತ್ತೆ ನಿಂಗೊ. ಇಂಗ್ಲಿಷಿನವಕ್ಕೆ ಅದರ ಪುಟಗಟ್ಲೆ ವಿವರ್ಸೆಕ್ಕು, ನಮಗೆ ಒಂದು ಗೆರೆ ಸಾಕು. "ಒಂದು ಗ್ಲಾಸು ನೀರು ಕೊಡ್ಲಕ್ಕೋ" ಹೇಳಿ ಕೇಳುವಗ ಕೊಡುದು ಹೇಳ್ತ ಗೇಬೆನ್ ಅಕೇರಿಗೆ ಬತ್ತು, ನಮ್ಮಲ್ಲಿ ಬಂದ ಹಾಂಗೆ.

ಎನಗೆ ಎಲ್ಲದರಿಂದ ಕೊಶಿ ಆದ್ದು ಲಿಂಗದ ಪಾಠ. ಅಲ್ಲಿ ಪ್ರತಿ ವಸ್ತುವಿಂಗೂ ಡೆರ್, ಡೀ, ದಾಸ್ ಹೇಳಿ ಮೂರರಲ್ಲಿ ಒಂದು ಅಂಟಿಗೊಂಡಿರ್ತು. ಚಮಚ ಡೆರ್ ಲ್ಯೋಫೆಲ್, ಗೆಂಡು. ಮುಳ್ಳುಚಮಚ ಡೀ ಗಾಬೆಲ್, ಹೆಣ್ಣು. ಪೀಶಕತ್ತಿ ದಾಸ್ ಮೆಸ್ಸರ್, ನಪುಂಸಕ. ಎಂತಕೆ ಹೇಳಿ ಕೇಳ್ಲಾಗ, ಬಾಯಿಪಾಠವೇ ಗತಿ. ಆದರೆ ಕೂಸು ಹೇಳುದಕ್ಕೆ ಮೇಡ್‌ಶೆನ್, ಅದು ದಾಸ್! ಇಂಗ್ಲಿಷ್ ಪುಸ್ತಕದವಕ್ಕೆ ಅದು ದೊಡ್ಡ ವಿಚಿತ್ರ. ನಮಗೆ ಎಂತ ವಿಚಿತ್ರ? ಕೂಸು ಬಂತು, ಅಬ್ಬೆ ಬಡುಸಿತ್ತು, ಅಜ್ಜಿ ಮನುಗಿತ್ತು ಹೇಳಿಯೇ ನಾವು ಹೇಳುದು. ಪೇಟೆಯವು "ನಿಮ್ಮಲ್ಲಿ ಹೆಂಗಸರಿಗೂ ಅದು ಅಂತೀರಾ" ಹೇಳಿ ನೆಗೆ ಮಾಡುಗು. ಈ ವಿಷಯಲ್ಲಿ ಜರ್ಮನಿಯವು ಮಾಡವು. ಅವಕ್ಕೆ ಶೆನ್ ಹೇಳಿ ಕಡೆಂಗೆ ಬಂದರೆ ಸಣ್ಣದು, ಮುದ್ದಿಂದು, ಅದೆಲ್ಲ ದಾಸ್. ಮದುವೆ ಆಗಿ ಫ್ರೌ ಆದರೆ ಡೀ. ಆ ದಿನ ಕೂಸು ತುಂಬ ಸಮಯದ ಮತ್ತೆ ನೆಗೆ ಮಾಡಿತ್ತು. "ಹಾಂಗಾರೆ ಆನು ಈಗ ಡೀಯೋ ದಾಸೋ?" ಹೇಳಿ ಕೇಳಿತ್ತು.

ಪುಸ್ತಕ ಹೇಳಿರೆ ಎಂಗೊ ಒಳುಶಿಗೊಂಡದು ಒಂದೇ, ನೆಟ್ಸ್‌ವೆರ್ಕ್ ಎ1. ದೆಹಲಿಯ ಗೋಯಲ್ ಪ್ರಕಾಶನದವು ನಮ್ಮ ದೇಶಕ್ಕೇ ಹೇಳಿ ಅಚ್ಚು ಮಾಡಿದ್ದು ಸಿಕ್ಕುತ್ತು, ಹೆರಂದ ಬಪ್ಪದಕ್ಕಿಂತ ಕ್ರಯ ಕಮ್ಮಿ. ಕುರ್ಸ್‌ಬೂಖ್ ಹೇಳಿ ಪಾಠದ್ದು, ಆರ್ಬೈಟ್ಸ್‌ಬೂಖ್ ಹೇಳಿ ಅಭ್ಯಾಸದ್ದು, ಎರಡೂ ಬೇಕು, ಎರಡೂ ಒಂದೇ ಆವೃತ್ತಿದು ಆಯೆಕ್ಕು. ಒಳ ಒಂದು ಶಬ್ದ ಇಂಗ್ಲಿಷ್ ಇಲ್ಲೆ. ಚಿತ್ರ ನೋಡು, ಕೇಳು, ಹೇಳು. ಅದೇ ಎಂಗೊಗೆ ವರ ಆತು. ಕತೆ ಬೇಕು ಹೇಳುವವಕ್ಕೆ ಹೂಬರ್‌ನವರ ಶ್ರಿಟ್ಟೆ ಇಂಟರ್‌ನಾಟ್ಸಿಯೋನಾಲ್ ಅಕ್ಕು, ಪಾಠಕ್ಕೊಂದು ಫೋಟೋ ಕತೆ ಇದ್ದು. ಯೇವದಾದರೂ ಆಡಿಯೋ ಇದ್ದೋ, ಉತ್ತರ ಎಲ್ಲಿ ಸಿಕ್ಕುತ್ತು, ಮೇಲೆ ಎ1 ಹೇಳಿ ಬರದ್ದೋ, ಇಷ್ಟು ನೋಡಿರೆ ಸಾಕು. ಎರಡು ಪುಸ್ತಕ ಒಟ್ಟಿಂಗೆ ಸುರು ಮಾಡೇಡಿ.

ಮೊಬೈಲಿಲಿ ಎಂಗೊ ನೋಡಿದ್ದು ನಿಕೋಸ್ ವೇಗ್. ಡಾಯ್ಚೆ ವೆಲ್ಲೆ ಹೇಳ್ತ ಜರ್ಮನಿಯ ಪ್ರಸಾರ ಸಂಸ್ಥೆಯವು ಮಾಡಿದ್ದು, ಧರ್ಮಕ್ಕೇ ಸಿಕ್ಕುತ್ತು. ನಿಕೋ ಹೇಳ್ತ ಮಾಣಿ ಸ್ಪೇನಿಂದ ಜರ್ಮನಿಗೆ ಬತ್ತ°, ಬಂದಪ್ಪದ್ದೆ ಅವನ ಬ್ಯಾಗು ಕಾಣೆ ಆವ್ತು. ಒಂದೊಂದು ಕಂತು ಎರಡು ಮೂರು ನಿಮಿಷದ್ದು. ಆನು ಬೆಂದಿಗೆ ಕೊರಕ್ಕೊಂಡು ಕೇಳುದು, ಕೂಸು ಬರಕ್ಕೊಂಡು ನೋಡುದು. ಎನಗೆ ಹೊತ್ತೋಪಗಾಣ ಧಾರಾವಾಹಿಂದ ಇದೇ ರುಚಿ ಹಿಡುದತ್ತು, ಪಾಪದ ಮಾಣಿಯ ಬ್ಯಾಗು ಸಿಕ್ಕುಗೋ ಹೇಳಿ.

ಡುವೋಲಿಂಗೋ ಬಸ್ಸಿಂಗೆ ಕಾವಗ ಒಳ್ಳೆದು, ಶಬ್ದ ನೆಂಪೊಳಿತ್ತು. ಅದೊಂದರಲ್ಲೇ ಪರೀಕ್ಷೆಗೆ ಹೋಪ ಅಂದಾಜು ಮಾತ್ರ ಬೇಡ. ನಿಧಾನಕ್ಕೆ ಓದುವ ಜರ್ಮನ್ ವಾರ್ತೆ ಕೇಳು ಹೇಳಿ ಅಳಿಯ° ಕಳುಸಿದ್ದ°, ಅದು ಎ1ರವಕ್ಕೆ ಅಲ್ಲ, ಮುಂದಾಣವಕ್ಕೆ. ಯೂಟ್ಯೂಬಿಲಿ ಒಂದರ ಒತ್ತಿರೆ ಹತ್ತು ಬತ್ತು. ಕೂಸು ಒಂದು ವಾರಲ್ಲಿ ಐದು ಗುರುಗಳ ಹತ್ತರೆ ನಮಸ್ಕಾರ ಹೇಳ್ಲೆ ಕಲ್ತತ್ತು, ಎರಡ್ನೇ ಪಾಠ ಆರತ್ರೂ ಕಲ್ತತ್ತಿಲ್ಲೆ!

ಪರೀಕ್ಷೆ ನೆಡವದು ಬೆಂಗಳೂರಿನ ಇಂದಿರಾನಗರಲ್ಲಿ, ಗ್ಯೋಟೆ ಇನ್ಸ್ಟಿಟ್ಯೂಟಿಲಿ. ನಮ್ಮ ದೇಶಲ್ಲಿ ಅದಕ್ಕೆ ಮ್ಯಾಕ್ಸ್ ಮುಲ್ಲರ್ ಭವನ ಹೇಳಿಯೂ ಹೆಸರು. ಋಗ್ವೇದವ ಅಚ್ಚಿಂಗೆ ತಂದ ಮ್ಯಾಕ್ಸ್ ಮುಲ್ಲರ್ ಅವು, ಭಾರತಕ್ಕೆ ಒಂದಾರಿಯೂ ಬಾರದ್ದವು. ಅವರ ಜಾಲತಾಣಲ್ಲಿ ಮಾದರಿ ಪ್ರಶ್ನೆಪತ್ರಿಕೆ, ಸುಮಾರು 650 ಶಬ್ದದ ಪಟ್ಟಿ ಧರ್ಮಕ್ಕೇ ಇದ್ದು. ಎಷ್ಟೋ ಜೆನ ಇದರ ಅಕೇರಿಯಾಣ ವಾರ ತೆಗವದು, ಎಂಗೊ ಸುರುವಿಂಗೇ ಅಚ್ಚು ತೆಗದು ಅಡಿಗೆಕೋಣೆಲಿ ನೇಲ್ಸಿದೆಯೊ. ಉಪ್ಪಿನ ಭರಣಿಗೆ ದಾಸ್ ಜಾಲ್ತ್ಸ್, ಸಕ್ಕರೆ ಡಬ್ಬಿಗೆ ಡೆರ್ ತ್ಸುಕ್ಕರ್, ಹಾಲಿನ ಪಾತ್ರಕ್ಕೆ ಡೀ ಮಿಲ್ಶ್. ಡೆರ್ ನೀಲಿ, ಡೀ ಕೆಂಪು, ದಾಸ್ ಪಚ್ಚೆ ಚೀಟಿ.

ಮತ್ತೆ ಎಂಗಳದ್ದೇ ಒಂದು ನೋಟುಪುಸ್ತಕ, ಉಚ್ಚಾರ ಪೂರ ಕನ್ನಡ ಅಕ್ಷರಲ್ಲಿ. ಕಿಟೆಲ್ ಹೇಳ್ತ ಜರ್ಮನಿಯವು ಮಂಗಳೂರಿಂದ 1894ರಲ್ಲಿ ಕನ್ನಡದ ನಿಘಂಟು ಹೆರ ತಂದವು, ಎಂಗಳದ್ದು ಇನ್ನೂರು ಪುಟದ ರೂಲು ಪುಸ್ತಕ! ಬರವಲೆ ವಿ, ಓದುವಗ ಫ. ಬರವಲೆ ಡಬ್ಲ್ಯು, ಓದುವಗ ವ. ಒಂದಾರಿ ಗೊಂತಾದರೆ ಮತ್ತೆ ಮೋಸ ಇಲ್ಲೆ. ಪರೀಕ್ಷೆಲಿ ಹೆಸರಿನ ಅಕ್ಷರ ಬಿಡುಸಿ ಹೇಳ್ಸುತ್ತವು. ಹಾಂಗಾಗಿ ದೋಸೆ ಎರವಗಳೂ ಎಂಗಳ ಮನೆಲಿ ಭಟ್ ಹೇಳುದಕ್ಕೆ ಬೇ-ಹಾ-ಆ-ಟೇ, ಬೇ-ಹಾ-ಆ-ಟೇ.

ಪಾಸಪ್ಪಲೆ ನೂರರಲ್ಲಿ ಅರುವತ್ತು ಬೇಕು, ಕೂಸಿಂಗೆ ಎಪ್ಪತ್ತನಾಲ್ಕು ಬಂತು. ಮಾತಾಡುದರಲ್ಲಿ ಹೆಚ್ಚು, ಕೇಳುದರಲ್ಲಿ ಕಮ್ಮಿ. ರೈಲಿನ ಹೊತ್ತು ಹೇಳುವಗ ಗಡಿಬಿಡಿ ಆತಾಡ.

ಸ್ಟುಟ್‌ಗಾರ್ಟಿಂಗೆ ಹೋದ ಹದಿನೈದನೇ ದಿನ ಫೋನು ಮಾಡಿತ್ತು. "ಚಿಕ್ಕಮ್ಮಾ, ಇಲ್ಲಿ ರೊಟ್ಟಿ ಅಂಗಡಿಯ ಹೆಮ್ಮಕ್ಕೊ ಪುಸ್ತಕದ ಜರ್ಮನ್ ಮಾತಾಡ್ತವಿಲ್ಲೆ! ನಮಸ್ಕಾರಕ್ಕೆ ಗ್ರ್ಯೂಸ್ ಗೊಟ್ ಹೇಳ್ತವು. ಮೇಡ್‌ಶೆನ್ನಿಂಗೆ ಮೇಡ್ಲೆ ಹೇಳ್ತವು." ಶ್ವಾಬದ ಮನೆಮಾತು ಅದು, ಸ್ಟುಟ್‌ಗಾರ್ಟಿನ ಹೊಡೆಲಿ ಮಾತಾಡುದಡ. "ಹೆದರಿಕೆ ಆತೋ?" ಕೇಳಿದೆ. "ಎಂತಕೆ? ಶಾಲೆಲಿ ಒಂದು ಕನ್ನಡ, ಮನೆಲಿ ಒಂದು ಹೇಳಿ ನಾವು ಬೆಳದ್ದಿಲ್ಲೆಯೋ?" ಹೇಳಿತ್ತು.

ನೋಟುಪುಸ್ತಕ ಈಗ ಎನ್ನ ಹತ್ತರೆ ಇದ್ದು. ಬೇಕಾದವು ಮನೆಗೆ ಬಂದು ನೋಡಿ ಬರಕ್ಕೊಂಬಲಕ್ಕು, ಹೆರ ಕೊಡ್ತಿಲ್ಲೆ. ಮಧ್ಯಾಹ್ನ ಎರಡು ಗಂಟೆ ಕಳುದು ಬನ್ನಿ, ಅಷ್ಟಪ್ಪಗ ಎನಗೂ ಪುರುಸೊತ್ತು.