ಮಳೆ ದ್ವೀಪದಲ್ಲಿ ಮಲೆನಾಡಿನ ಅಪ್ಪ, ಅಮ್ಮ

ಸ್ಕಾಟ್ಲೆಂಡಿನ ಸ್ಕೈ ದ್ವೀಪಕ್ಕೆ ಹೋಗುವ ಆಲೋಚನೆ ಇದ್ದರೆ ಮೊದಲೇ ಹೇಳಿಬಿಡ್ತೀನಿ, ಮಳೆ ಬಂದೇ ಬರುತ್ತೆ. ಅಲ್ಲಿಯವರ ಗೇಲಿಕ್ ಭಾಷೆಯಲ್ಲಿ ಈ ದ್ವೀಪಕ್ಕೆ ‘ಮಂಜಿನ ದ್ವೀಪ’ ಅಂತಲೇ ಇನ್ನೊಂದು ಹೆಸರಿದೆ. ಇನ್‌ಸ್ಟಾಗ್ರಾಂನಲ್ಲಿ ಕಾಣುವ ಓಲ್ಡ್ ಮ್ಯಾನ್ ಆಫ್ ಸ್ಟಾರ್ ಬಂಡೆ, ಕೂಲಿನ್ ಬೆಟ್ಟಸಾಲು ಎಲ್ಲ ಬಿಸಿಲು ಬಿದ್ದ ಅರ್ಧ ಗಂಟೆಯಲ್ಲಿ ತೆಗೆದ ಫೋಟೊಗಳು. ಉಳಿದ ಹೊತ್ತಿನಲ್ಲಿ ಅಲ್ಲೊಂದು ಬೆಟ್ಟ ಇದೆ ಅಂತ ನಂಬಬೇಕು, ಅಷ್ಟೆ.

ಕಳೆದ ಜುಲೈ ಕೊನೆಯಲ್ಲಿ ನಾನು, ನನ್ನ ಗಂಡ, ಅಪ್ಪ, ಅಮ್ಮ ನಾಲ್ಕು ದಿನಕ್ಕೆ ಅಲ್ಲಿಗೆ ಹೋಗಿದ್ದೆವು. ನಾವಿರುವುದು ಗ್ಲಾಸ್ಗೊದಲ್ಲಿ. ಅಲ್ಲಿಂದ ಕಾರಿನಲ್ಲಿ ಐದಾರು ಗಂಟೆ ದಾರಿ. 1995ರಲ್ಲಿ ಸೇತುವೆ ಆದಮೇಲೆ ದೋಣಿ ಕಾಯುವ ಕೆಲಸವೂ ಇಲ್ಲ. ಅಪ್ಪ, ಅಮ್ಮ ಸಾಗರದ ಕಡೆಯವರು. ಎರಡೂವರೆ ಎಕರೆ ಅಡಿಕೆ ತೋಟ, ಹಳೇ ಮನೆ, ಎರಡು ದನ. ತಮ್ಮ ಬೆಂಗಳೂರಲ್ಲಿ, ನಾನು ಇಲ್ಲಿ.

ಈ ಪ್ರವಾಸಕ್ಕೆ ಇನ್ನೊಂದು ಕಾರಣವೂ ಇತ್ತು. ಅಮ್ಮನ ಮೊಣಕಾಲು ಹೇಳಿದ ಮಾತು ಕೇಳುತ್ತಿರಲಿಲ್ಲ. ಅಪ್ಪನಿಗೆ ಎಪ್ಪತ್ತೊಂದು. ತೋಟಕ್ಕೆ ಔಷಧಿ ಹೊಡೆಯುವವರು ಸಿಗುತ್ತಿಲ್ಲ. ‘ತೋಟ ಕೊಟ್ಟುಬಿಟ್ಟು ಬೆಂಗಳೂರಿಗೆ ಬಂದುಬಿಡಿ’ ಅನ್ನುವ ಮಾತನ್ನು ಅಪ್ಪನ ಎದುರು ಯಾರಾದರೂ ಎತ್ತಲೇಬೇಕಿತ್ತು. ಫೋನಿನಲ್ಲಿ ಎತ್ತಿದರೆ ಅಪ್ಪ, ‘ರೇಂಜ್ ಇಲ್ಲ’ ಅಂತ ಇಟ್ಟುಬಿಡ್ತಾರೆ. ‘ಅಕ್ಕಾ, ಅಲ್ಲಿ ದ್ವೀಪ. ಎದ್ದು ಹೋಗೋಕೆ ಜಾಗ ಇರಲ್ಲ, ನೀನೇ ಕೇಳು’ ಅಂದ ತಮ್ಮ.

ನಮಗೆ ಸಿಕ್ಕಿದ್ದು ಪೋರ್ಟ್‌ರೀ ಊರಿನ ಹೊರಗೆ ಒಂದು ಪುಟ್ಟ ಬಾಡಿಗೆ ಮನೆ, ಸೌದೆ ಒಲೆ ಇರುವಂಥದ್ದು. ಮೊದಲ ದಿನ ಬೆಳಗ್ಗೆ ಕಿಟಕಿ ಪೂರ್ತಿ ಬಿಳಿ. ಗಂಡ ಪೆಚ್ಚುಮೋರೆ ಹಾಕಿಕೊಂಡು ಹವಾಮಾನದ ಆ್ಯಪ್ ಉಜ್ಜುತ್ತಿದ್ದರು. ಅಪ್ಪ ಬಾಗಿಲು ತೆಗೆದು ಆಕಾಶ ನೋಡಿ, ‘ಇದು ಮಳೆಯಾ? ಇದು ಜಿಟಿಜಿಟಿ ಮಾರಾಯ್ರೆ. ಊರಲ್ಲಿ ಈಗ ಪುಷ್ಯ ಮಳೆ. ಅದು ಮಳೆ’ ಅಂದರು. ಅಮ್ಮ ಊರಿಂದ ತಂದಿದ್ದ ಹಲಸಿನ ಹಪ್ಪಳದ ಕಟ್ಟು ಬಿಚ್ಚಿ ಸೌದೆ ಒಲೆಯ ಕೆಂಡದಲ್ಲಿ ಸುಡಲು ಕೂತರು. ಮೂರನೇ ಹಪ್ಪಳಕ್ಕೆ ಹೊಗೆಯ ಅಲಾರಂ ಕಿರುಚಿತು. ಆಮೇಲೆ ಬಾಗಿಲು ತೆರೆದಿಟ್ಟು, ನಾನು ಟವೆಲ್ ಬೀಸುತ್ತಾ, ಅವರು ಸುಡುತ್ತಾ, ಹದಿನಾಲ್ಕು ಹಪ್ಪಳ ಮುಗಿಯಿತು. ಸ್ಕೈನಲ್ಲಿ ಮಳೆ ಬಂದಾಗ ಮಾಡಬಹುದಾದ ಕೆಲಸಗಳ ಪಟ್ಟಿಯಲ್ಲಿ ನಾನು ಇದನ್ನೇ ಮೊದಲು ಬರೆಯೋದು.

ಎರಡನೆಯದು, ಜಲಪಾತ. ಮಳೆಯಲ್ಲಿ ಇಲ್ಲಿನ ಪ್ರತಿ ಗುಡ್ಡದ ಮೈಮೇಲೂ ಬಿಳಿ ಗೆರೆಗಳು ಏಳುತ್ತವೆ, ಕಾರಿನಿಂದ ಇಳಿಯದೇ ನೋಡಬಹುದು. ಉತ್ತರದ ಸ್ಟಾಫಿನ್ ಹತ್ತಿರ ಮೀಲ್ಟ್ ಜಲಪಾತ ಕಡಿದಾದ ಬಂಡೆಯ ಅಂಚಿನಿಂದ ನೇರ ಸಮುದ್ರಕ್ಕೇ ಬೀಳುತ್ತೆ, ಸುಮಾರು 55 ಮೀಟರ್. ಕಾರು ನಿಲ್ಲಿಸುವ ಜಾಗದಿಂದ ನಾಲ್ಕು ಹೆಜ್ಜೆ, ಅಮ್ಮನ ಕಾಲಿಗೂ ಆರಾಮ. ಅಪ್ಪ ಕಟಕಟೆ ಹಿಡಿದು ಬಗ್ಗಿ ನೋಡಿದರು. ‘ಚೆನ್ನಾಗಿದೆ. ಆದ್ರೆ 253 ಮೀಟರ್ ಜೋಗದ ಪಕ್ಕದಿಂದ ಕರ್ಕೊಂಡ್ ಬಂದು ಇದನ್ನ ತೋರಿಸ್ತೀಯಲ್ಲೇ!’ ಆದರೂ ಸಮುದ್ರಕ್ಕೆ ಬೀಳುವ ಜಲಪಾತ ಅವರು ನೋಡಿರಲಿಲ್ಲ. ಹತ್ತು ನಿಮಿಷ ಅಲ್ಲೇ ನಿಂತಿದ್ದರು. ಒಂದು ಎಚ್ಚರಿಕೆ: ಫೇರಿ ಪೂಲ್ಸ್ ಕಡೆ ಹೋಗುವವರು ಜೋರು ಮಳೆಯಲ್ಲಿ ಹಳ್ಳ ದಾಟುವ ಸಾಹಸಕ್ಕೆ ಹೋಗಬೇಡಿ. ಬೆಟ್ಟದ ನೀರು ನೋಡನೋಡುತ್ತಲೇ ಏರುತ್ತೆ.

ಸ್ಟಾಫಿನ್‌ನಲ್ಲೇ ಒಂದು ಡೈನೊಸಾರ್ ಮ್ಯೂಸಿಯಂ ಇದೆ. ಹಳೇ ಶಾಲೆಯ ಕಟ್ಟಡ, ಒಂದೇ ಕೋಣೆ. 1976ರಲ್ಲಿ ಡೂಗಲ್ಡ್ ರಾಸ್ ಅನ್ನುವ ಸ್ಥಳೀಯ ಹುಡುಗ, ಇನ್ನೂ ಹದಿಹರೆಯದಲ್ಲಿದ್ದಾಗ, ಪಾಳುಬಿದ್ದಿದ್ದ ಶಾಲೆಯನ್ನು ತಾನೇ ರಿಪೇರಿ ಮಾಡಿ ಶುರುಮಾಡಿದ್ದು. ಹತ್ತಿರದ ಕಡಲತೀರದ ಕಲ್ಲುಗಳ ಮೇಲೆ ಸುಮಾರು 17 ಕೋಟಿ ವರ್ಷ ಹಳೆಯ ಡೈನೊಸಾರ್ ಹೆಜ್ಜೆಗಳಿವೆ. ಅಲೆ ಇಳಿದಾಗ ಮಾತ್ರ ಕಾಣೋದು, ಹಾಗಾಗಿ ಉಬ್ಬರ ಇಳಿತದ ಸಮಯ ನೋಡಿಕೊಂಡೇ ಹೋಗಿ.

ಡನ್‌ವೆಗನ್ ಕೋಟೆಗೆ ಒಂದು ಮಧ್ಯಾಹ್ನ ಬೇಕು. ಮ್ಯಾಕ್ಲೌಡ್ ಮನೆತನದವರದ್ದು, ಶತಮಾನಗಳಿಂದ ಅವರದ್ದೇ. ಅಲ್ಲಿ ಗಾಜಿನೊಳಗೆ ಇಟ್ಟಿರುವ ‘ಯಕ್ಷಿಯ ಬಾವುಟ’ ಅನ್ನುವ ಚಿಂದಿ ರೇಷ್ಮೆ ಬಟ್ಟೆ ಯುದ್ಧದಲ್ಲಿ ಬೀಸಿದರೆ ಕುಲವನ್ನು ಕಾಯುತ್ತದೆ ಅಂತ ನಂಬಿಕೆ. ಅಮ್ಮ ಅದಕ್ಕೆ ಕೈಮುಗಿದರು. ಟ್ಯಾಲಿಸ್ಕರ್ ವಿಸ್ಕಿ ಕಾರ್ಖಾನೆ ನೋಡಲು ಗಂಡ ಒಬ್ಬರೇ ಹೋಗಿ ಬಂದರು. 1830ರದ್ದಂತೆ. ಬಾರ್ಲಿಯನ್ನು ಪೀಟ್ ಮಣ್ಣಿನ ಹೊಗೆಯಲ್ಲಿ ಒಣಗಿಸುವ ಪದ್ಧತಿಯ ಬಗ್ಗೆ ಅವರು ವಿವರಿಸುತ್ತಿದ್ದರೆ ಅಪ್ಪನಿಗೆ ತಕ್ಷಣ ನೆನಪಾಗಿದ್ದು ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವ ಅಡಿಕೆ.

ಮೂರನೇ ದಿನ ಕಿಲ್‌ಮ್ಯೂರ್‌ಗೆ ಹೋದೆವು. ಅಲ್ಲಿ 1965ರಿಂದ ನಡೆಯುತ್ತಿರುವ, ದ್ವೀಪದ ಹಳೇ ಬದುಕು ತೋರಿಸುವ ಮ್ಯೂಸಿಯಂ ಇದೆ. ಹುಲ್ಲು ಹೊದೆಸಿದ ಕೆಲವು ಮನೆಗಳು. ಗೋಡೆ ತೋಳಿನಷ್ಟು ದಪ್ಪ. ಸೂರು ಗಾಳಿಗೆ ಹಾರದಂತೆ ಹಗ್ಗ ಬಿಗಿದು, ಹಗ್ಗದ ತುದಿಗೆ ಕಲ್ಲು ಕಟ್ಟಿದ್ದಾರೆ. ಒಳಗೆ ಮಗ್ಗ, ಕಮ್ಮಾರನ ಸಾಮಾನು, ಗೋಡೆಗೆ ಅಂಟಿದ ಪೆಟ್ಟಿಗೆಯಂಥ ಮಂಚ. ಹಿಂದೆ ರಾತ್ರಿ ಊರವರೆಲ್ಲ ಒಂದು ಮನೆಯಲ್ಲಿ ಬೆಂಕಿಯ ಸುತ್ತ ಸೇರಿ ಕತೆ, ಹಾಡು ಅಂತ ಕೂರುತ್ತಿದ್ದರು. ಅದಕ್ಕೆ ಕೇಲಿ ಅಂತಾರೆ.

ಅಮ್ಮ ಒಂದೊಂದನ್ನೇ ಮುಟ್ಟದೇ ಮುಟ್ಟಿದಂತೆ ನೋಡುತ್ತಿದ್ದರು. ‘ನಮ್ಮ ಸೋಗೆ ಮನೆ ಹೀಗೇ ಇತ್ತು. ಹೊರಗೆ ಹೋಗೋರು ಗೊರಬು ಸೂಡಿಕೊಂಡು ಹೋಗೋರು. ಒಳಗಿದ್ದೋರಿಗೆ ಪುರುಸೊತ್ತು ಇರ್ತಿತ್ತಾ? ಚಾಪೆ ಹೆಣೆಯೋದು, ಹಗ್ಗ ಹೊಸೆಯೋದು, ಹಪ್ಪಳ ತಿರುಗಿಸೋದು. ಮಳೆ ಅಂದ್ರೆ ರಜೆ ಅಂದ್ಕೊಂಡಿದ್ದೀಯಾ?’

ಅಪ್ಪ ಮಾತ್ರ ಬೇರೆ ಏನೋ ಕೇಳುತ್ತಿದ್ದರು. ‘ಇಷ್ಟು ದೊಡ್ಡ ದ್ವೀಪ. ದಾರಿಯುದ್ದಕ್ಕೂ ಕುರಿ. ಮನುಷ್ಯರು ಎಲ್ಲಿಗೆ ಹೋದ್ರು?’

ಗಂಡ ಆ ಕತೆ ಓದಿಕೊಂಡಿದ್ದರು. 19ನೇ ಶತಮಾನದಲ್ಲಿ ಜಮೀನ್ದಾರರಿಗೆ ಗೇಣಿದಾರರಿಗಿಂತ ಕುರಿಯೇ ಲಾಭ ಅನ್ನಿಸಿತು. ಬೊರೆರೇಗ್ ಅನ್ನುವ ಇಡೀ ಹಳ್ಳಿಯನ್ನು 1853ರಲ್ಲಿ ಖಾಲಿ ಮಾಡಿಸಿದರು. ಎಷ್ಟೋ ಜನ ಕೆನಡಾ, ಆಸ್ಟ್ರೇಲಿಯಾ ಹಡಗು ಹತ್ತಿದರು. ಆ ಊರುಗಳ ಗೋಡೆಗಳು ಈಗಲೂ ಹುಲ್ಲಿನ ನಡುವೆ ನಿಂತಿವೆ. ‘ನಾಳೆ ಬ್ರೇಸ್‌ಗೆ ಹೋಗೋಣ ಮಾವ. ಅಲ್ಲಿಯವರು ಹೋಗಲ್ಲ ಅಂತ ನಿಂತಿದ್ರು’ ಅಂದರು.

ಬ್ರೇಸ್ ಇರೋದು ಪೋರ್ಟ್‌ರೀಯಿಂದ ದಕ್ಷಿಣಕ್ಕೆ, ಸ್ವಲ್ಪವೇ ದೂರ. ಒಂದೇ ಕಾರು ಹೋಗುವಷ್ಟು ರಸ್ತೆ. ಎದುರಿಂದ ಕಾರು ಬಂದರೆ ಪಕ್ಕದಲ್ಲಿ ಬಿಟ್ಟಿರುವ ಜಾಗಕ್ಕೆ ಸರಿದು ದಾರಿ ಕೊಡಬೇಕು. ದಾರಿ ಕೊಟ್ಟವರಿಗೆ ಕೈ ಎತ್ತೋದು ಅಲ್ಲಿಯ ಮರ್ಯಾದೆ. ಅಪ್ಪ ಮುಂದಿನ ಸೀಟಲ್ಲಿ ಕೂತು ಎಲ್ಲರಿಗೂ ಕೈ ಎತ್ತುತ್ತಿದ್ದರು.

ರಸ್ತೆ ಪಕ್ಕ ಒಂದು ಕಲ್ಲಿನ ಗುಪ್ಪೆಯ ಸ್ಮಾರಕ. ಬೆನ್ ಲೀ ಗುಡ್ಡದಲ್ಲಿ ದನಕುರಿ ಮೇಯಿಸುವ ಹಕ್ಕಿಗಾಗಿ ಇಲ್ಲಿಯವರು ಗೇಣಿ ಕೊಡದೆ ಕೂತರು. ಹೊರಹಾಕುವ ನೋಟಿಸು ತಂದವನ ಕಾಗದಗಳು ಬೆಂಕಿಗೆ ಬಿದ್ದವು. 1882ರ ಏಪ್ರಿಲ್‌ನಲ್ಲಿ ಗ್ಲಾಸ್ಗೊದಿಂದ ಸುಮಾರು 50 ಪೊಲೀಸರು ಬಂದರು. ಅವರನ್ನು ಕಲ್ಲು ಹಿಡಿದು ಎದುರಿಸಿದವರಲ್ಲಿ ಹೆಂಗಸರೇ ಮುಂದೆ. ಮರುವರ್ಷ ಸರಕಾರ ನೇಮಿಸಿದ ನೇಪಿಯರ್ ಆಯೋಗ ಮೊದಲು ಅಹವಾಲು ಕೇಳಿದ್ದು ಈ ಊರಲ್ಲೇ. 1886ರಲ್ಲಿ ಕಾನೂನು ಬಂತು. ಗೇಣಿದಾರರನ್ನು ಮನಬಂದಂತೆ ಎಬ್ಬಿಸುವಂತಿಲ್ಲ, ಗೇಣಿ ನ್ಯಾಯವಾಗಿರಬೇಕು, ಹಿಡುವಳಿ ಮಕ್ಕಳಿಗೆ ದಾಟಬಹುದು.

ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಕಾರಿನೊಳಗೆ ಕೂತು ಫ್ಲಾಸ್ಕಿನ ಚಾ ಕುಡಿದೆವು. ಅಪ್ಪ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, ‘ಭೂಮಿ ಅವರ ಹೆಸರಿಗೆ ಆಯ್ತಾ?’

‘ಇಲ್ಲ ಮಾವ, ಆ ಕಾನೂನಲ್ಲಿ ಇಲ್ಲ. ಎಬ್ಬಿಸೋ ಹಾಗಿಲ್ಲ ಅಂತ ಮಾತ್ರ.’

‘ನಮಗೆ ಆಯ್ತು’ ಅಂದರು ಅಪ್ಪ.

ಕಾಗೋಡು ಸತ್ಯಾಗ್ರಹದ ಹೆಸರು ನಾನು ಪಾಠದಲ್ಲಿ ಓದಿದ್ದೆ. 1951, ನಮ್ಮ ಸಾಗರ ತಾಲ್ಲೂಕು, ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯಿಂದ ಎದ್ದ ಜಗಳ, ಲೋಹಿಯಾ ಬಂದು ಬಂಧನಕ್ಕೊಳಗಾದದ್ದು. ಅಜ್ಜ ಅವತ್ತು ಗೇಣಿದಾರನಾಗಿದ್ದ ಅನ್ನೋದೂ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ಅಪ್ಪ ಆ ಕಾರಿನಲ್ಲಿ ಹೇಳಿದ್ದು. 1974ರ ‘ಉಳುವವನೇ ಹೊಲದೊಡೆಯ’ ಕಾನೂನು ಬಂದಮೇಲೆ ಅಜ್ಜ ಡಿಕ್ಲರೇಷನ್ ಕೊಡಲು ಹೆದರಿದ್ದರಂತೆ. ‘ಒಡೆಯರ ಮುಖ ಹೇಗೆ ನೋಡೋದು’ ಅಂತ. ಅರ್ಜಿ ಬರೆದು ಅಜ್ಜನ ಕೈ ಹಿಡಿದು ಹೆಬ್ಬೆಟ್ಟು ಒತ್ತಿಸಿದ್ದು ಆಗಿನ್ನೂ ಹೈಸ್ಕೂಲು ಮುಗಿಸಿದ್ದ ಅಪ್ಪ. ಪಹಣಿಯಲ್ಲಿ ಹೆಸರು ಬಂದ ದಿನ ಅಜ್ಜ ಮಳೆಯಲ್ಲೇ ಕಂಬಳಿಕೊಪ್ಪೆ ಇಲ್ಲದೆ ಗದ್ದೆಯ ಬದುವಿನ ಮೇಲೆ ಒಂದು ಸುತ್ತು ನಡೆದು ಬಂದರಂತೆ. ಆ ಗದ್ದೆಯೇ ಆಮೇಲೆ ತೋಟ ಆಗಿದ್ದು.

‘ಇವರನ್ನ ಯಾರೋ ಎಬ್ಬಿಸಿದ್ರು’ ಅಂದರು ಅಪ್ಪ, ಗಾಜಿನ ಆಚೆ ನೋಡುತ್ತಾ. ‘ನಮ್ಮನ್ನ ಯಾರೂ ಎಬ್ಬಿಸ್ತಾ ಇಲ್ಲ. ನಾವೇ ಎದ್ದು ಹೋಗ್ಬೇಕು ಅಂತ ನಿಮಗೆ ಅನ್ನಿಸಿದೆ. ನನಗೆ ಗೊತ್ತು. ನಿನ್ನ ತಮ್ಮನ ಗುಸುಗುಸು ನನಗೆ ಕೇಳಲ್ವಾ?’

ನಾನು ಆಗ ಕೇಳಬೇಕಾದ್ದನ್ನು ಕೇಳಿಯೇಬಿಟ್ಟೆ. ಅಮ್ಮನ ಕಾಲಿಗೆ ಏನು ಮಾಡೋದು? ಕೊನೆಗೌಡ ಬರದೇ ಇದ್ದರೆ? ರಾತ್ರಿ ಏನಾದರೂ ಆದರೆ? ಅಪ್ಪ ಕೋಪ ಮಾಡಿಕೊಳ್ಳಲಿಲ್ಲ. ಉತ್ತರ ಕೊಟ್ಟಿದ್ದು ಅಮ್ಮ. ‘ಕಾಲಿಗೆ ಆಪರೇಷನ್ ಮಾಡಿಸ್ಕೊಳ್ತೀನಿ. ಹೆದರಿಕೆಗೆ ಮುಂದೆ ಹಾಕ್ತಿದ್ದೆ ಅಷ್ಟೆ. ಆದ್ರೆ ವಾಪಸ್ ಮನೆಗೇ ಬರೋದು. ಬೆಂಗಳೂರಲ್ಲಿ ನಾಲ್ಕನೇ ಮಹಡಿ ಮೇಲೆ ಕೂತು ಮಳೆ ನೋಡು ಅಂದ್ರೆ ನನ್ನಿಂದ ಆಗಲ್ಲ.’

ಆ ರಾತ್ರಿ ತಮ್ಮನಿಗೆ ವಿಡಿಯೊ ಕಾಲ್ ಹಚ್ಚಿ ಐದೂ ಜನ ಕೂತು ಲೆಕ್ಕ ಹಾಕಿದೆವು. ನವೆಂಬರಿನಲ್ಲಿ ಅಮ್ಮನ ಆಪರೇಷನ್, ಬೆಂಗಳೂರಲ್ಲಿ, ಎರಡು ತಿಂಗಳು ತಮ್ಮನ ಮನೆಯಲ್ಲಿ. ಕೆಳಗಿನ ಅರ್ಧ ಎಕರೆಯ ಫಸಲು ಕೊನೆಗೌಡನಿಗೆ ಪಾಲಿಗೆ, ಆಗ ಅವನು ತಪ್ಪದೇ ಬರುತ್ತಾನೆ. ಊರಿಗೆ ಈಗ ಫೈಬರ್ ಇಂಟರ್ನೆಟ್ ಬಂದಿದೆ. ಕೊಳೆರೋಗಕ್ಕೆ ಬೋರ್ಡೊ ಹೊಡೆಯುವ ಸಮಯದಲ್ಲಿ ತಮ್ಮ ಎರಡು ವಾರ ಅಲ್ಲಿಂದಲೇ ಆಫೀಸ್ ಕೆಲಸ ಮಾಡ್ತಾನೆ, ಒಂದು ವರ್ಷ ಬಿಟ್ಟು ಒಂದು ವರ್ಷ ನಾನು. ಐದು ವರ್ಷ ಹೀಗೆ ನೋಡೋಣ ಅಂದೆವು. ಅಪ್ಪ ‘ಮೂರು ವರ್ಷ ಅನ್ನಿ, ಲೆಕ್ಕ ಸುಳ್ಳಾಗಬಾರ್ದು’ ಅಂದರು.

ಹೊರಡುವ ಬೆಳಗ್ಗೆ ನಿಜಕ್ಕೂ ಬಿಸಿಲು ಬಂತು. ಕೂಲಿನ್ ಬೆಟ್ಟ ಪೂರ್ತಿ ಕಂಡಿತು. ಗಾಳಿ ನಿಂತದ್ದೇ ಮಿಜ್ ಅನ್ನುವ ಸಣ್ಣ ಕಚ್ಚುವ ನೊಣಗಳೂ ಮುತ್ತಿಕೊಂಡವು. ಮಳೆಗಾಳಿ ಇದ್ದಾಗ ಅವುಗಳ ಸುಳಿವೇ ಇರಲಿಲ್ಲ.

ನೀವು ಹೋಗೋದಾದರೆ ಇಷ್ಟು ನೆನಪಿರಲಿ. ಕೊಡೆ ಬೇಡ, ಗಾಳಿಗೆ ತಿರುವುಮುರುವಾಗುತ್ತೆ. ಒಳ್ಳೆಯ ರೇನ್‌ಕೋಟ್, ಒಂದು ಜೊತೆ ಜಾಸ್ತಿ ಸಾಕ್ಸ್ ಇರಲಿ. ಭಾನುವಾರ ಎಷ್ಟೋ ಕಡೆ ಬಾಗಿಲು ಹಾಕಿರುತ್ತೆ, ಚಳಿಗಾಲದಲ್ಲಿ ಕೋಟೆ, ಮ್ಯೂಸಿಯಂ ಮುಚ್ಚಿರುತ್ತೆ. ಮೊದಲೇ ವಿಚಾರಿಸಿಕೊಳ್ಳಿ. ಫ್ಲಾಸ್ಕು ಮಾತ್ರ ದೊಡ್ಡದೇ ಇರಲಿ. ನಮ್ಮದು ಒಂದು ಲೀಟರಿನದ್ದು, ಬ್ರೇಸ್‌ನಲ್ಲಿ ಸಾಲಲಿಲ್ಲ.