ಆರಾಮ ಇದ್ದೀನಿ ಅಂದರೆ ಸಾಕೇ?

ಪುಣೆಯ ಕನ್ನಡಿಗರ ಮನೆಗಳಲ್ಲಿ ಈಗ ಕಂಪ್ಯೂಟರಿನ ಕೆಲಸದವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅವರು ಏನು ಮಾಡುತ್ತಾರೆಂದು ಯಾರಾದರೂ ಕೇಳಿದರೆ ನಾವು ತಾಯಂದಿರು "ಹಿಂಜವಡಿಯಲ್ಲಿ ಐಟಿ" ಎಂದು ಮಾತು ಮುಗಿಸಿಬಿಡುತ್ತೇವೆ. ಮಗ ಡಾಕ್ಟರಾದರೆ ಕಣ್ಣಿನ ಡಾಕ್ಟರೋ ಹಲ್ಲಿನ ಡಾಕ್ಟರೋ ಎಂದು ಬಿಡಿಸಿ ಹೇಳುವ ನಮಗೆ ಇಲ್ಲಿ ಮಾತ್ರ ಸಂಕೋಚ. 2020ರ ಲಾಕ್‌ಡೌನಿನಲ್ಲಿ ಕೋಥರೂಡದ ನಮ್ಮ ಫ್ಲ್ಯಾಟಿನ ಊಟದ ಮೇಜೇ ಮಗಳ ಆಫೀಸಾಯಿತು. ಅಂದಿನಿಂದ ಕೇಳಿ ಕೇಳಿ ಅವಳ ಕೆಲಸ ನನಗೂ ಅಷ್ಟಿಷ್ಟು ತಿಳಿಯಿತು. ಕಣ್ಣಿಗೆ ಕಾಣದ ಯಂತ್ರಗಳ ಯೋಗಕ್ಷೇಮ ವಿಚಾರಿಸುವುದು ಅವಳ ಉದ್ಯೋಗ. ಅದರಲ್ಲಿ ಮನುಷ್ಯರಿಗೂ ಸಲ್ಲುವ ಒಂದು ಮಾತಿದೆಯೆಂದು ತೋರಿದ್ದರಿಂದ ಈ ನಾಲ್ಕು ಸಾಲು.

ಕಾಣದ ಯಂತ್ರವೆಂದರೆ ವರ್ಚುವಲ್ ಮಷೀನು. ಒಂದು ದೊಡ್ಡ ಕಂಪ್ಯೂಟರನ್ನು ನಮ್ಮ ಸೊಸಾಯಟಿಯ ಕಟ್ಟಡ ಎಂದುಕೊಳ್ಳಿ. ಒಳಗೆ ಇಪ್ಪತ್ತು ಫ್ಲ್ಯಾಟು. ಪ್ರತಿ ಫ್ಲ್ಯಾಟೂ ತಾನೊಂದು ಸ್ವತಂತ್ರ ಬಂಗಲೆ ಎಂದೇ ತಿಳಿದಿರುತ್ತದೆ. ಇದು ತೀರ ಹೊಸದೇನಲ್ಲ. ಐಬಿಎಂ ಕಂಪನಿಯವರು 1960ರ ದಶಕದಲ್ಲೇ ಇದನ್ನು ಮಾಡಿ ನೋಡಿ, 1972ರಲ್ಲಿ ವಿಎಂ/370 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿದ್ದರು. 1998ರಲ್ಲಿ ಹುಟ್ಟಿದ ವಿಎಂವೇರ್ ಕಂಪನಿಯಿಂದ ಅದು ಸಾಮಾನ್ಯ ಕಂಪ್ಯೂಟರುಗಳಿಗೂ ಬಂತು. ಕಟ್ಟಡಕ್ಕೆ ಹೋಸ್ಟ್ ಎಂದೂ ಒಳಗಿನ ಯಂತ್ರಕ್ಕೆ ಗೆಸ್ಟ್ ಎಂದೂ ಹೆಸರು. ಬಿಎದಲ್ಲಿ ಇಂಗ್ಲಿಷು ಓದಿದ ನನಗೆ ಈ ಹೆಸರುಗಳು ಬಹಳ ಹಿಡಿಸಿದವು: ಯಜಮಾನ ಮತ್ತು ಅತಿಥಿ. ಎಲ್ಲ ಅತಿಥಿಗಳಿಗೂ ಸರದಿಯಂತೆ ಬಡಿಸುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎನ್ನುತ್ತಾರೆ.

ಇವರ ಯೋಗಕ್ಷೇಮ ವಿಚಾರಿಸುವುದು ಹೇಗೆ? ಪ್ರತಿ ಅತಿಥಿಯೊಳಗೆ ಒಂದು ಸಣ್ಣ ಪ್ರೋಗ್ರಾಮನ್ನು ಕೂರಿಸುತ್ತಾರೆ. ಸಿಪಿಯು ಎಷ್ಟು ದುಡಿಯುತ್ತಿದೆ, ಮೆಮರಿ ಎಷ್ಟು ತುಂಬಿದೆ, ಡಿಸ್ಕಿನಲ್ಲಿ ಜಾಗ ಎಷ್ಟಿದೆ, ನೆಟ್‌ವರ್ಕಿನಲ್ಲಿ ಎಷ್ಟು ಹೋಗಿಬರುತ್ತಿದೆ ಎಂಬ ಲೆಕ್ಕವನ್ನು ಅದು ಇಡುತ್ತದೆ. ಇಷ್ಟಾದರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಸಾಲದು ಎಂಬುದೇ ನಾನು ಹೇಳಹೊರಟ ಮಾತು.

ಮಗಳು ನೋಡಿಕೊಳ್ಳುತ್ತಿದ್ದ ಯಂತ್ರಗಳಲ್ಲಿ ಒಂದು ಆಸ್ಪತ್ರೆಯದು. ದಿನಾ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಲ್ಲಿ ಚೀಟಿ ಮಾಡಿಸುವ ಕೌಂಟರಿನ ಕಂಪ್ಯೂಟರು ತೆವಳುತ್ತಿತ್ತು. ಹೊರಗೆ ರೋಗಿಗಳ ಸಾಲು, ಕೂಸು ಎತ್ತಿಕೊಂಡವರು, ಕೋಲು ಹಿಡಿದವರು. ಯಂತ್ರದ ಒಳಗಿನ ಲೆಕ್ಕ ಮಾತ್ರ "ಸಿಪಿಯು ಅರ್ಧವೂ ಬಳಕೆಯಾಗಿಲ್ಲ, ಎಲ್ಲ ಕ್ಷೇಮ" ಎನ್ನುತ್ತಿತ್ತು. ಒಂದು ವಾರ ಹೀಗೇ ನಡೆಯಿತು. ಕೊನೆಗೆ ಅವಳು ಯಜಮಾನನ ಕಡೆಯ ಲೆಕ್ಕವನ್ನು ತೆಗೆಸಿದಳು. ಅದರಲ್ಲಿ "ಸಿಪಿಯು ರೆಡಿ" ಎಂಬ ಒಂದು ಅಳತೆ ಇರುತ್ತದೆ. ಅತಿಥಿ ಕೆಲಸಕ್ಕೆ ಸಿದ್ಧನಾಗಿ, ಸರದಿ ಬಾರದೆ ಎಷ್ಟು ಹೊತ್ತು ಕಾದ ಎಂಬುದರ ಲೆಕ್ಕ ಅದು. 20 ಸೆಕೆಂಡಿನಲ್ಲಿ 1 ಸೆಕೆಂಡು ಕಾದರೆ ಶೇಕಡಾ 5. ಅಷ್ಟಕ್ಕೇ ಇವರು ಕಣ್ಣಿಡುತ್ತಾರೆ. ಈ ಯಂತ್ರ 3 ಸೆಕೆಂಡು ಕಾಯುತ್ತಿತ್ತು. ಅದೇ ಕಟ್ಟಡದ ಇನ್ನೊಂದು ಯಂತ್ರ ದಿನಾ ಅದೇ ಹೊತ್ತಿಗೆ ಯಾವುದೋ ದೊಡ್ಡ ಲೆಕ್ಕಕ್ಕೆ ಕೂರುತ್ತಿತ್ತಂತೆ. ಒಂದನ್ನು ಬೇರೆ ಹೋಸ್ಟಿಗೆ ಸಾಗಿಸಿದರು. ನಡೆಯುತ್ತಿರುವ ಯಂತ್ರವನ್ನು ನಿಲ್ಲಿಸದೆಯೇ ಸಾಗಿಸಲು ಬರುತ್ತದೆ. ಮರುದಿನದಿಂದ ಕೌಂಟರಿನ ಸಾಲು ಕರಗಿತು.

ಹಾಗಾದರೆ ಒಳಗಿನ ಲೆಕ್ಕ ಸುಳ್ಳು ಹೇಳಿತೇ? ಇಲ್ಲ. ತನ್ನ ಪಾಲಿಗೆ ಬಂದದ್ದರಲ್ಲಿ ಎಷ್ಟು ಖರ್ಚಾಯಿತೆಂದು ಅದು ಹೇಳಿತು. ತನ್ನ ಪಾಲೇ ಕಡಿಮೆಯಾಗಿದೆ ಎಂಬುದು ಅದಕ್ಕೆ ಗೊತ್ತಾಗುವ ಬಗೆ ಇರಲಿಲ್ಲ. ನಮ್ಮ ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ವಾಶರ್ ಹೋಗಿದೆಯೋ, ಮೇಲಿನ ಟಾಕಿಯೇ ಖಾಲಿಯೋ ಎಂದು ಅಡುಗೆಮನೆಯಲ್ಲಿ ನಿಂತು ಹೇಳಲಾದೀತೇ? ಗಚ್ಚಿಗೆ ಹತ್ತಿಯೇ ನೋಡಬೇಕು. ಲಿನಕ್ಸ್‌ನಂಥ ಕೆಲವು ಕಡೆ ಒಳಗಿನವನಿಗೂ ಇದರ ಸುಳಿವು ಸಿಗುವುದುಂಟು. ಆ ಅಳತೆಗೆ "ಸ್ಟೀಲ್", ಅಂದರೆ ಕಳುವಾದ ಸಮಯ ಎಂದು ಹೆಸರು! ಆದರೆ ಕದ್ದವರು ಯಾರೆಂದು ತಿಳಿಯಲು ಹೊರಗೇ ಬರಬೇಕು.

ಸರಾಸರಿಯನ್ನೂ ನಂಬಿ ಕೂರುವಂತಿಲ್ಲ. ವಿಎಂವೇರ್‌ನಲ್ಲಿ 20 ಸೆಕೆಂಡಿಗೊಮ್ಮೆ ತೆಗೆದ ಅಳತೆ ಸುಮಾರು ಒಂದು ಗಂಟೆ ಮಾತ್ರ ಉಳಿಯುತ್ತದೆ. ಆಮೇಲೆ ಉಳಿಯುವುದು 5 ನಿಮಿಷದ ಸರಾಸರಿ. 5 ನಿಮಿಷಕ್ಕೆ 15 ಅಳತೆ. ಅದರಲ್ಲಿ ಒಂದು ಶೇಕಡಾ 60 ಆಗಿ ಉಳಿದವೆಲ್ಲ ಸೊನ್ನೆಯಾದರೆ ಸರಾಸರಿ ಬರೀ 4. ಆ 20 ಸೆಕೆಂಡಿನಲ್ಲಿ ಉಸಿರು ಕಟ್ಟಿದ್ದು ಮರುದಿನದ ಕಾಗದದಲ್ಲಿ ಕಾಣುವುದೇ ಇಲ್ಲ. ಅದಕ್ಕೇ ಸಣ್ಣ ಅಳತೆಗಳನ್ನು ಬೇರೆ ಕಡೆ ತೆಗೆದಿಡುತ್ತಾರೆ.

ಇನ್ನೊಂದು ವಿಷಯ ಮೌನದ್ದು. ಲೆಕ್ಕ ಕೂಡಿಸುವುದರಲ್ಲಿ ಎರಡು ಪದ್ಧತಿ: ಯಂತ್ರ ತಾನಾಗಿ ಸುದ್ದಿ ಕಳಿಸುವುದು ಒಂದು, ನಾವೇ ಹೋಗಿ ಕೇಳುವುದು ಇನ್ನೊಂದು. 2012ರಲ್ಲಿ ಸೌಂಡ್‌ಕ್ಲೌಡ್ ಎಂಬ ಸಂಗೀತದ ಕಂಪನಿಯಲ್ಲಿ ಆರಂಭವಾದ ಪ್ರೊಮಿಥಿಯಸ್ ಎರಡನೆಯ ಪದ್ಧತಿಯದು. ಗೊತ್ತಾದ ಹೊತ್ತಿಗೊಮ್ಮೆ ಪ್ರತಿ ಯಂತ್ರದ ಬಾಗಿಲು ತಟ್ಟುತ್ತದೆ. ಉತ್ತರ ಬಂದರೆ 1, ಬಾರದಿದ್ದರೆ 0 ಎಂದು ಬರೆದುಕೊಳ್ಳುತ್ತದೆ. ಸುದ್ದಿಗಾಗಿ ಕಾದು ಕುಳಿತವರಿಗೆ ಮೌನ ಕ್ಷೇಮದಂತೆಯೇ ಕಾಣುತ್ತದೆ. ಬಾಗಿಲು ತಟ್ಟುವವರಿಗೆ ಮೌನವೂ ಒಂದು ಅಳತೆ. ಹಾಗೆಂದು ಸಣ್ಣದಕ್ಕೆಲ್ಲ ಗಂಟೆ ಬಾರಿಸಿದರೆ "ತೋಳ ಬಂತು ತೋಳ" ಕಥೆಯಾಗುತ್ತದೆ. ಯಾರಾದರೂ ಎದ್ದು ಏನಾದರೂ ಮಾಡಬೇಕಾದ್ದಕ್ಕೆ ಮಾತ್ರ ಗಂಟೆ ಎಂಬುದು ಮಗಳ ನಿಯಮ.

ಈಗ ಮನುಷ್ಯರ ಮಾತಿಗೆ ಬರೋಣ. ನನ್ನ ಅವ್ವ ಧಾರವಾಡದಲ್ಲಿ ಒಬ್ಬಳೇ ಇರುತ್ತಾಳೆ. ವಯಸ್ಸು ಎಂಬತ್ತು ದಾಟಿದೆ. ಯಾವಾಗ ಕೇಳಿದರೂ "ನಾ ಆರಾಮ ಇದ್ದೀನಿ, ನೀ ಚಿಂತಿ ಮಾಡಬ್ಯಾಡ" ಎಂಬ ಒಂದೇ ಉತ್ತರ. ಹೋದ ವರ್ಷ ಎದುರು ಮನೆಯ ವೈನಿ ಫೋನು ಮಾಡಿ, "ನಿಮ್ಮ ಅವ್ವಾರು ಎಂಟು ದಿನಾ ಆತು ಮಠಕ್ಕ ಬಂದಿಲ್ಲ, ಹಾಲಿನ ಪಾಕೀಟು ಒಂಬತ್ತರ ತನಕ ಬಾಗಿಲಾಗ ಇರ್ತದ" ಎಂದರು. ಹೋಗಿ ಡಾಕ್ಟರಿಗೆ ತೋರಿಸಿದೆವು. ರಕ್ತದೊತ್ತಡದ ಗುಳಿಗೆ ಅವಳ ವಯಸ್ಸಿಗೆ ಹೆಚ್ಚಾಗಿ ಏಳುವಾಗ ಕಣ್ಣು ಕತ್ತಲೆ ಬರುತ್ತಿತ್ತು. ಒಮ್ಮೆ ಬಚ್ಚಲಲ್ಲಿ ಗೋಡೆ ಹಿಡಿದು ಉಳಿದುಕೊಂಡಿದ್ದಳಂತೆ. ಗುಳಿಗೆ ಕಡಿಮೆ ಮಾಡಿದ ಮೇಲೆ ಸರಿಹೋಯಿತು. ಅವ್ವ ಸುಳ್ಳು ಹೇಳಿರಲಿಲ್ಲ. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದುಕೊಂಡು, ತನ್ನ ಪಾಲಿಗೆ ಬಂದಷ್ಟನ್ನೇ ಪೂರ್ತಿ ಎಂದು ಎಣಿಸಿದ್ದಳು.

ಈಗ ನಾವು ಎರಡೂ ಲೆಕ್ಕ ಇಡುತ್ತೇವೆ. ದಿನಾ ಬೆಳಿಗ್ಗೆ ಏಳೂವರೆಗೆ ನಾನೇ ಫೋನು ಮಾಡುತ್ತೇನೆ. "ಆರಾಮೇನ" ಎಂದು ಕೇಳುವುದಿಲ್ಲ. ರಾತ್ರಿ ಏನು ಉಂಡಿ, ಯಾವ ಯಾವ ಗುಳಿಗೆ ತೊಗೊಂಡಿ ಎಂದು ಕೇಳುತ್ತೇನೆ. ಎರಡು ಸಲ ಫೋನು ಎತ್ತದಿದ್ದರೆ ವೈನಿ ಹೋಗಿ ಬಾಗಿಲು ತಟ್ಟುತ್ತಾರೆ. ಅವ್ವನಿಗೆ ಇದನ್ನು ಮೊದಲೇ ಹೇಳಿದಾಗ, "ನನ್ನ ಮ್ಯಾಲೆ ಪೊಲೀಸರನ್ನ ಇಟ್ಟೀಯೇನ?" ಎಂದು ನಕ್ಕು ಒಪ್ಪಿದಳು.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಯಾರಿಗೂ ಬೇಡ. ನಮ್ಮಲ್ಲಿ ಬಹಳ ಮಂದಿಯ ಹಿರಿಯರು ಊರಿನಲ್ಲೇ ಇದ್ದಾರೆ. ಅವರ ನಂಬರು ನಮಗೆಲ್ಲ ಬಾಯಿಪಾಠ. ಅವರ ಎದುರು ಮನೆಯವರ ನಂಬರು ನಿಮ್ಮಲ್ಲಿ ಇದೆಯೇ? ಇಲ್ಲವಾದರೆ ಈ ಸಲ ದೀಪಾವಳಿಗೆ ಊರಿಗೆ ಹೋದಾಗ ಒಂದು ಡಬ್ಬಿ ಭಾಕರವಡಿ ಅವರ ಮನೆಗೂ ಕೊಟ್ಟು, ನಂಬರು ಬರೆದುಕೊಂಡು ಬನ್ನಿ.