ಅಮ್ಮ ದಡದಲ್ಲಿ

ಹಾಯಿದೋಣಿ ಪಂದ್ಯವೆಂದರೆ ಸಿರಿವಂತರ ಮೋಜು ಎನ್ನುತ್ತಾರೆ ನಮ್ಮವರು. ಖರ್ಚಿನ ಆಟ, ನಿಜವೇ. ಆದರೂ ಚೆನ್ನೈನ ತಮಿಳುನಾಡು ಸೇಲಿಂಗ್ ಅಸೋಸಿಯೇಷನ್ನಿನ ಬೇಸಿಗೆ ಶಿಬಿರಕ್ಕೆ 2009ರಲ್ಲಿ ಹೋದ ನೇತ್ರಾ ಕುಮನನ್ ಎಂಬ ಹುಡುಗಿ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್ ಮುಟ್ಟಿದಳು. ಈ ಆಟದಲ್ಲಿ ಅರ್ಹತೆ ಗಳಿಸಿದ ನಮ್ಮ ದೇಶದ ಮೊದಲ ಹೆಣ್ಣು. ಪಂದ್ಯ ನಡೆಸಿ ಕಪ್ ಹಂಚುವುದಷ್ಟೇ ಸಂಘದ ಕೆಲಸವಾಗಿದ್ದರೆ ಅವಳೆಲ್ಲಿರುತ್ತಿದ್ದಳು?

ಮಕ್ಕಳು ಕಲಿಯುವ ‘ಆಪ್ಟಿಮಿಸ್ಟ್’ ದೋಣಿ ಸುಮಾರು 2.3 ಮೀಟರ್ ಉದ್ದ, ತೊಟ್ಟಿಲಿಗಿಂತ ತುಸು ದೊಡ್ಡದು ಅನ್ನಿ. ಪಂದ್ಯದಲ್ಲಿ ಅದರೊಳಗೆ ಒಂದೇ ಮಗು. ಗಾಳಿ ಗುರುತಿಸುವುದು, ಹಾಯಿ ಎಳೆಯುವುದು, ಚುಕ್ಕಾಣಿ ತಿರುಗಿಸುವುದು ಎಲ್ಲ ಅದೇ. ಅಮ್ಮ ದಡದಲ್ಲಿ!

ರಜೆಗೆ ಚೆನ್ನೈಯ ಚಿಕ್ಕಮ್ಮನ ಮನೆಗೆ ಹೋಗಿ ಕಲಿಯುತ್ತೇನೆಂದು ಮಗಳ ಹಟ. “ಬಿಸಿಲಿಗೆ ಕಪ್ಪಾಗ್ತಾಳೆ ಕಣೇ” ಎಂದು ಅತ್ತೆಯ ಚಿಂತೆ. ನನ್ನದು ನೀರಿನ ಚಿಂತೆ. ಮೊದಲು ಈಜು ಕಲಿ ಎಂದಿದ್ದೇನೆ. ಈಗ ದಿನಾ ಆರಕ್ಕೇ ಎದ್ದು ಕೊಳಕ್ಕೆ ಹೊರಟಿರುತ್ತಾಳೆ.